ಹಿಂದೆ ಕೇಳಿಸುವ ಗಂಟೆ

ಕೊರಳಲ್ಲಿ ಗಂಟೆ ಕಟ್ಟಿಕೊಂಡಿದ್ದ ಮುದಿ ಮೇಕೆಯನ್ನು ಮಂದೆಯೆಲ್ಲ ಗಂಟೆಯವ್ವ ಎನ್ನುತ್ತಿತ್ತು. ಗುಡ್ಡದಾಚೆಯ ಕೆರೆಗೆ ದಿನಾ ಮುಂದೆ ನಡೆದು, ಪ್ರತಿ ವರ್ಷದ ಮರಿಗಳಿಗೂ ಅವಳೇ ದಾರಿ ಕಲಿಸಿದವಳು.

ಒಂದು ದಿನ ಎಳೆಯ ಕರಿಹೋತ ಅವಳಿಗೆ ಅಡ್ಡ ನಿಂತ. "ಅವ್ವಾ, ದಾರಿ ನಮಗೆಲ್ಲ ಬಾಯಿಪಾಠ. ಇನ್ನು ನೀನು ಮುಂದೆ ಯಾತಕ್ಕೆ?"

"ಸರಿಯಪ್ಪ, ನೀನೇ ನಡಿ," ಎಂದು ಗಂಟೆಯವ್ವ ಹಿಂದೆ ಸರಿದಳು.

ಹೋತ ಎಲ್ಲರನ್ನೂ ಬಿರಬಿರನೆ ಕೆರೆ ಮುಟ್ಟಿಸಿದ. ಬೀಗುತ್ತ ತಿರುಗಿ ನೋಡಿದರೆ, ದಿನಾ ಮಂದೆಯ ಕೊನೆಗೆ ಬರುವ ಕುಂಟುಮರಿ ಇಲ್ಲ. ಅದು ತೋಳ ಓಡಾಡುವ ಗುಡ್ಡ. ನೀರು ಎದುರಿಗಿದ್ದರೂ ಅವನ ಬಾಯಿ ಒಣಗಿತು.

ಆಗ ದೂರದಲ್ಲಿ ಗಂಟೆ ಕೇಳಿಸಿತು. ಮರಿಯ ಕುಂಟು ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸುತ್ತ ಗಂಟೆಯವ್ವ ಇಳಿದು ಬರುತ್ತಿದ್ದಳು.

"ನಾಳೆಯಿಂದ ನೀನೇ ಮುಂದೆ ನಡಿ, ಅವ್ವಾ," ಎಂದ ಹೋತ, ತಲೆ ತಗ್ಗಿಸಿ.

"ಬೇಡ ಕಂದಾ, ದಾರಿ ನಿನಗೆ ಗೊತ್ತಲ್ಲ," ಎಂದಳು ಅವಳು. "ಹಿಂದೆ ಗಂಟೆ ಕೇಳಿಸುವಷ್ಟು ನಿಧಾನಕ್ಕೆ ನಡಿ, ಸಾಕು."