ಬೇಟೆ ಬಿಟ್ಟ ಹಲ್ಲಿ

ಅಡುಗೆಮನೆಯ ಗಡಿಯಾರದ ಹಿಂದಿನ ಮುದಿ ಹಲ್ಲಿ ಹರೆಯದಲ್ಲಿ ಭಾರೀ ಬೇಟೆಗಾರ. ವಯಸ್ಸಾದ ಮೇಲೆ ಒಮ್ಮೆ ನೊಣಕ್ಕೆ ಹಾರಿ, ಗುರಿ ತಪ್ಪಿ, ಎಲ್ಲರೆದುರು ಹಿಟ್ಟಿನ ಡಬ್ಬಿಗೆ ಬಿತ್ತು. ಅಂದಿನಿಂದ ಬೇಟೆಯ ಆಸೆಯೇ ಸತ್ತುಹೋಯಿತು. "ಜೀವಹಿಂಸೆ ಬಿಟ್ಟೆ" ಎಂದು ಘೋಷಿಸಿ, ಪಾಪ, ಹಸಿದು ಒಣಗಿತು.

ಅದೇ ನೊಣ ಬಂದು ಮೂತಿಯ ಮುಂದೆಯೇ ಕೂತಿತು. "ಹೌದಾ ಅಜ್ಜಾ? ಮನುಷ್ಯರ ಮಾತಿಗೆಲ್ಲ ಲೊಚಗುಟ್ಟಿ ಸತ್ಯ ಅಂತೀಯ. ನಿನ್ನ ಮಾತಿಗೂ ಒಮ್ಮೆ ಲೊಚಗುಟ್ಟು ನೋಡೋಣ."

ಹಲ್ಲಿ ಪ್ರಾಮಾಣಿಕವಾಗಿಯೇ ಬಾಯಿ ತೆರೆಯಿತು. ಸರಿಯಾಗಿ ಕೇಳಲೆಂದು ನೊಣ ಇನ್ನೂ ಹತ್ತಿರ ಬಗ್ಗಿತು. ಬಾಯಿ ಮುಚ್ಚಿತು, ಲೊಚ್ ಮಾತ್ರ ಬರಲಿಲ್ಲ.

"ಅಯ್ಯೋ, ಈ ರುಚಿ ಮರೆತೇಬಿಟ್ಟಿದ್ದೆನಲ್ಲ!" ಹಲ್ಲಿಯ ಬಾಲ ಹರೆಯದಲ್ಲಿದ್ದಂತೆ ಕುಣಿಯಿತು.

ಮರುದಿನ ಅದು ದೀಪದ ಪಕ್ಕಕ್ಕೇ ಬಂದು ಕೂತು ಕೂಗಿತು: "ಬೇಟೆ ಬಿಟ್ಟಿದ್ದೇನ್ರಪ್ಪಾ! ನಂಬದವರು ಹತ್ತಿರ ಬಂದು ಕೇಳಿ!"