ಅರ್ಧ ಕೊಡದ ಹುಳಿಹಿಟ್ಟು

ಮಂದಾಕಿನಿ ಮೊದಲ ಸಲ ಮನೆಯಲ್ಲೇ ಬ್ರೆಡ್ಡು ಮಾಡಲೆಂದು ಗಾಜಿನ ಭರಣಿಯಲ್ಲಿ ಗೋಧಿಹಿಟ್ಟು ಕಲಸಿ ಹುಳಿ ಬರಲು ಇಟ್ಟಳು. ದಿನಾ ಬೆಳಿಗ್ಗೆ ಅರ್ಧ ತೆಗೆದು, ಉಳಿದದ್ದಕ್ಕೆ ಒಂದು ಹಿಡಿ ಹೊಸ ಹಿಟ್ಟು ಹಾಕಿ ನೀರು ಬೆರೆಸಬೇಕಿತ್ತು.

ಮರದ ಸೌಟು ಒಳಗಿಳಿದಾಗ ಹುಳಿಹಿಟ್ಟು ಗದರಿತು: "ನಿಲ್ಲು. ಕಷ್ಟಪಟ್ಟು ಉಬ್ಬಿದ್ದು ನಾನು. ಒಂದು ತೊಟ್ಟನ್ನೂ ಕೊಡುವುದಿಲ್ಲ."

ಮಂದಾಕಿನಿಗೂ ಹಿಟ್ಟು ಚೆಲ್ಲಲು ಮನಸ್ಸು ಬರಲಿಲ್ಲ. ಏನನ್ನೂ ತೆಗೆಯದೆ ದಿನಕ್ಕೊಂದು ಹಿಡಿ ಹಾಕುತ್ತ ಬಂದಳು. ಆರನೆಯ ದಿನ ಭರಣಿ ತುಂಬಿತ್ತು. ಆದರೆ ಒಂದು ಗುಳ್ಳೆಯೂ ಇರಲಿಲ್ಲ. ಮೇಲೆ ಹುಳಿನೀರು ನಿಂತಿತ್ತು.

"ಹಸಿವಿನಿಂದ ಸಾಯುತ್ತಿದ್ದೇನೆ," ಎಂದಿತು ಹಿಟ್ಟು.

"ಬರುವುದು ಒಂದೇ ಹಿಡಿ. ಅಷ್ಟರಲ್ಲಿ ಇಷ್ಟು ದೊಡ್ಡ ಮೈಯನ್ನು ಹೇಗೆ ಸಾಕುತ್ತೀಯೆ?" ಎಂದಿತು ಸೌಟು.

ಅತ್ತೆ ಭರಣಿಯನ್ನು ಮೂಸಿ ನೋಡಿ, "ಚೆಲ್ಲೋಕೆ ಮನಸ್ಸಿಲ್ದಿದ್ರೆ ದೋಸೆ ಹುಯ್ಯಮ್ಮ," ಎಂದರು. ಮಂದಾಕಿನಿ ತಳದಲ್ಲಿ ಒಂದಿಷ್ಟು ಬಿಟ್ಟು ಉಳಿದದ್ದನ್ನೆಲ್ಲ ದೋಸೆಗೆ ತೆಗೆದಳು. ಅಂದಿನ ಒಂದು ಹಿಡಿಯಲ್ಲೇ ಆ ಒಂದಿಷ್ಟರ ಹೊಟ್ಟೆ ತುಂಬಿತು. ಕೆಲವೇ ದಿನಗಳಲ್ಲಿ ಅದು ಭರಣಿಯ ಬಾಯಿಯವರೆಗೂ ಉಬ್ಬಿ ಬಂತು.

ಸೌಟು ಅಳುಕುತ್ತಲೇ ಕೇಳಿತು: "ಇಂದು ಯಾವ ಅರ್ಧ ಕೊಡುತ್ತೀಯೆ?"

"ಮೇಲಿನದು," ಎಂದಿತು ಹಿಟ್ಟು. "ಉಬ್ಬಿ ನಿಂತಿದೆಯಲ್ಲ, ಅದನ್ನೇ ತೆಗೆದುಕೋ."