ಕೊಂಡುಕೊಂಡ ಹೋರಿ

"ಬುದ್ಧಿ, ಏಳು ವರ್ಷ ನಿಮ್ಮ ಹತ್ತಿರವೇ ಇದ್ದೆ. ಈಗ ಹೊಳೆಯಾಚೆಯ ಮಠದಲ್ಲಿ ಪಾಠ ಹೇಳುವವರಿಲ್ಲ, ಅಲ್ಲಿಗೆ ಹೋಗು ಅನ್ನುತ್ತೀರಿ. ನಾನು ನಿಮ್ಮವನಲ್ಲವೇ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಒಬ್ಬ ರೈತ. ಅವನಿಗೆ ಆರು ಹಸು. ಬೀಜದ ಹೋರಿ ಇರಲಿಲ್ಲ. ಆರು ಹಸುವಿಗಾಗಿ ವರ್ಷವಿಡೀ ಒಂದು ಹೋರಿಯನ್ನು ಸಾಕುವುದುಂಟೇ? ವರ್ಷಕ್ಕೆ ಎರಡು ತಿಂಗಳು ಬಾಡಿಗೆಗೆ ತರುತ್ತಿದ್ದ, ಗಡುವು ಮುಗಿದ ದಿನ ಒಪ್ಪಿಸಿ ಬರುತ್ತಿದ್ದ. ಯಾವ ಹೋರಿ ಬಂತು, ಯಾವುದು ಹೋಯಿತು ಎಂಬುದು ಅವನ ನೆನಪಿನಲ್ಲೂ ಉಳಿಯುತ್ತಿರಲಿಲ್ಲ.

ಒಂದು ವರ್ಷ ಬಂದ ಹೋರಿ ಬಲು ಸಾಧು. ರೈತನ ಹೆಂಡತಿ ರೊಟ್ಟಿ ತಟ್ಟುತ್ತಿದ್ದರೆ ಬಾಗಿಲಲ್ಲಿ ತಲೆಯಿಟ್ಟು ನಿಲ್ಲುತ್ತಿತ್ತು. ಒಂದು ಕೊಟ್ಟರೇ ಹೋಗುತ್ತಿತ್ತು. ಹಿಂದಿರುಗಿಸುವ ದಿನ ಅವಳು ಅದರ ಕೊರಳು ತಬ್ಬಿಕೊಂಡು ನಿಂತುಬಿಟ್ಟಳು.

"ಇದನ್ನ ಕಳಿಸೋದಾದರೆ ನನ್ನನ್ನೂ ಜೊತೆಗೆ ಕಳಿಸಿಬಿಡಿ."

"ನಿನಗೆ ಮೇವು ಹಾಕೋದು ಅವರ ಕೈಲಾಗಲ್ಲ ಕಣೇ," ಎಂದು ರೈತ ನಕ್ಕ. ಆದರೆ ಅವನಿಗೂ ಹಗ್ಗ ಹಿಡಿದು ಹೊರಡಲು ಮನಸ್ಸಾಗಲಿಲ್ಲ. ಅದರ ಒಡೆಯನಿಗೆ ಹಾಲು ಕರೆಯುವ ಒಂದು ಹಸುವನ್ನೇ ಕೊಟ್ಟು ಹೋರಿಯನ್ನು ಕೊಂಡುಕೊಂಡ. ಇನ್ನು ಇದನ್ನು ಬಿಟ್ಟುಕೊಡುವ ಮಾತೇ ಇಲ್ಲ ಎಂದುಕೊಂಡ.

ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ ಅವನ ಕೊಟ್ಟಿಗೆಯ ಕಡಸೊಂದು ಬೆದೆಗೆ ಬಂತು. ಆ ಹೋರಿಗೇ ಹುಟ್ಟಿದ ಕಡಸು. ಅದರ ಹಿಂದೆಯೇ ಇನ್ನೆರಡು ಬೆಳೆದು ನಿಂತಿದ್ದವು. ತಂದೆಯನ್ನೇ ಮಗಳಿಗೆ ಬಿಟ್ಟರೆ ಹುಟ್ಟುವ ಕರುಗಳಿಗೆ ಕಸುವಿರುವುದಿಲ್ಲ ಎಂದು ಯಾವ ರೈತನಿಗೆ ಗೊತ್ತಿಲ್ಲ? ಇವನಿಗೂ ಗೊತ್ತಿತ್ತು. ಕೊಳ್ಳುವ ದಿನ ಮಾತ್ರ ನೆನಪಾಗಲಿಲ್ಲ.

ಹೋರಿಯನ್ನು ಬಣವೆಯ ಹಿಂದೆ ಕಟ್ಟಿಹಾಕಿದ. ಅದು ಮೇವು ಮುಟ್ಟಲಿಲ್ಲ. ಹಗ್ಗ ಜಗ್ಗಿ ಜಗ್ಗಿ ಕೊರಳು ಹುಣ್ಣಾಯಿತು. ರೈತ ಅರಿಸಿನ ಹಚ್ಚುತ್ತಾ, "ನಿನ್ನನ್ನ ಬಿಡಬಾರದು ಅಂತಲೇ ಕೊಂಡೆನಲ್ಲಪ್ಪಾ," ಎಂದು ಅತ್ತ. ತಿಂಗಳು ಕಳೆಯುವಷ್ಟರಲ್ಲಿ ಅದರ ಪಕ್ಕೆಲುಬು ಕಾಣಿಸತೊಡಗಿತು.

ಕೊನೆಗೆ ಅವನೇ ಹಗ್ಗ ಬಿಚ್ಚಿ, ಮೂರು ಊರಿನಾಚೆ ಹೋರಿಯಿಲ್ಲದ ಒಬ್ಬ ರೈತನ ಮನೆಗೆ ಅದನ್ನು ನಡೆಸಿಕೊಂಡು ಹೋದ.

"ಎರಡು ತಿಂಗಳಿಗೆ ಬಾಡಿಗೆ ಏನು ಕೊಡಲಿ?" ಎಂದು ಆ ರೈತ ಕೇಳಿದ.

"ಬಾಡಿಗೆ ಬೇಡ, ಇಲ್ಲೇ ಇರಲಿ. ಇಲ್ಲೂ ಕಡಸುಗಳು ಬೆಳೆದಾಗ ಇನ್ನೊಬ್ಬರಿಗೆ ಕೊಡಿ. ಕಟ್ಟಿಹಾಕಬೇಡಿ, ಅಷ್ಟೇ."

ಮನೆಗೆ ಬಂದಾಗ ಹೆಂಡತಿ ಕೇಳಿದಳು: "ನೀವು ಬರುವಾಗ ತಿರುಗಿ ನೋಡಿತಾ?"

"ಇಲ್ಲ ಕಣೇ. ಮೇಯ್ತಾ ಇತ್ತು."

"ಮೇಯ್ತಾ ಇತ್ತಾ!" ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ, "ಹಾಗಾದರೆ ಅವನು ಕೊಂಡದ್ದೇ ತಪ್ಪಲ್ಲವೇ, ಬುದ್ಧಿ? ಬಾಡಿಗೆಗೇ ತರುತ್ತಿದ್ದರೆ ಈ ಸಂಕಟವೇ ಇರುತ್ತಿರಲಿಲ್ಲ," ಎಂದ.

ಗುರುಗಳು ಅವನ ತಲೆಯ ಮೇಲೆ ಕೈಯಿಟ್ಟರು.

"ಬಾಡಿಗೆಗೆ ತಂದದ್ದನ್ನು ಹಿಂದಿರುಗಿಸಬಹುದು, ಅಷ್ಟೆ. ಇನ್ನೊಬ್ಬರಿಗೆ ಕೊಡಬೇಕಾದರೆ ಅದು ನಮ್ಮದೇ ಆಗಿರಬೇಕು, ಮಗು."